ಅಕ್ಕೋರ ಒತ್ತು

ಮೊರಬದ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರನ್ನು ಎಲ್ಲರೂ ‘ಅಕ್ಕೋರು’ ಎನ್ನುತ್ತಿದ್ದರು. ಪರದೆಯಲ್ಲಿ ಯಾವ ವಿಂಡೋ ತೆರೆದರೂ ಮೇಲಂಚಿನಲ್ಲಿ ಫೈಲಿನ ಹೆಸರು ತೋರಿಸುವ ಪಟ್ಟಿ ಗಿಡ್ಡವಾಗಿ, ಕನ್ನಡದ ಒತ್ತಕ್ಷರಗಳನ್ನು ಕತ್ತರಿಸುತ್ತಿತ್ತು. ‘ಅಕ್ಕೋರು’ ಎಂಬ ಅವರ ಫೈಲು ‘ಅಕೋರು’ ಆಗುತ್ತಿತ್ತು.

“ಮತ್ತ ಒತ್ತು ನುಂಗೈತಿ ನೋಡ್ರಿ!” ಎಂದು ಅವರು ದಿನವೂ ಮೇಜು ಕುಟ್ಟುತ್ತಿದ್ದರು.

ಅವರು ಸಾಫ್ಟ್‌ವೇರ್ ಮಾಡಿದವರಿಗೆ ಬರೆದಾಗ, ಅಕ್ಷರವನ್ನೇ ಸಣ್ಣದು ಮಾಡಿಕೊಳ್ಳಿ ಎಂಬ ಉತ್ತರ ಬಂತು.

ಗಣಿತ ಕಲಿಸುವ ನಾನು, “ಮಾಡಿಬಿಡ್ರಿ, ಓದಾಕ ಬಂದ್ರ ಸಾಕಲ್ರಿ” ಎಂದೆ.

ಅಕ್ಕೋರು ಕೆಂಡವಾದರು. “ಪಟ್ಟಿ ಗಿಡ್ಡ ಮಾಡಿದವ್ರು ಅವ್ರು. ನಾವ್ಯಾಕ ಸಣ್ಣಾಗಬೇಕ್ರಿ ಸರ್?”

ಯಾರು ಬೇಕಾದರೂ ತಿದ್ದಬಹುದಾದ ಸಾಫ್ಟ್‌ವೇರ್ ಅದು. ತಿಂಗಳುಗಟ್ಟಲೆ ಕೂತು, ಪಟ್ಟಿಯ ಎತ್ತರ ಅಳೆಯುವ ಕೋಡನ್ನು ಹುಡುಕಿ ತಾವೇ ತಿದ್ದಿದರು. ಕಳಿಸಿದ ತಿದ್ದುಪಡಿಯನ್ನು ಸಾಫ್ಟ್‌ವೇರ್‌ನವರು ಒಪ್ಪಿಕೊಂಡು ಧನ್ಯವಾದ ಬರೆದರೆ, ಅಕ್ಕೋರು ಅದನ್ನು ಓದಲೂ ಇಲ್ಲ. ನನ್ನನ್ನು ಕರೆದು, ತಮ್ಮ ಹೆಸರಿನ ಆ ಫೈಲು ತೆರೆದು, ಕೈಕಟ್ಟಿ ನಿಂತರು.

“ಈಗ ಓದ್ರಿ ಸರ್, ಜೋರಾಗಿ.”