ಹೆಣ್ಣು ನೋಡುವ ದಿನ ಎದ್ದ ಲ್ಯಾಪ್‌ಟಾಪ್

ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ, ಕೇಳುವವರ ಮುಖ ನೋಡಿ ನಗುವ ಜಾತಿ ನನ್ನದಾಗಿತ್ತು. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ವಾದಿಸುತ್ತಿದ್ದೆ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಲ್ಯಾಪ್‌ಟಾಪ್‌ಗಳು ಆಗಷ್ಟೇ ಮನೆಗಳಿಗೆ ಬರುತ್ತಿದ್ದ ಕಾಲ. ನಾವು ದೊಮ್ಮಲೂರಿನಲ್ಲಿ, ವಿಮಾ ನೌಕರರ ವಸತಿಗೃಹದಲ್ಲಿದ್ದೆವು. ತಂಗಿ ಸುಮಾ ಪಾಠ ಹೇಳುವ ಕೆಲಸಕ್ಕೆಂದು ಹಳೆಯದೊಂದನ್ನು ಕೊಂಡಿದ್ದಳು. ಮುಚ್ಚಿದರೆ ಅದು ನಿದ್ದೆಗೆ ಹೋಗಬೇಕು. ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಫ್ಯಾನು ಗುರ್ರೆಂದು ತಾನೇ ಎದ್ದು ಕೂರುತ್ತಿತ್ತು. "ನೀನೂ ಹೀಗೇ ಇದ್ದೆ, ಹಾಲು ಕುಡಿಸಿದ್ರೂ ಮಲಗ್ತಿರ್ಲಿಲ್ಲ," ಎಂದು ಸುಮಾಳಿಗೆ ಹೇಳುತ್ತ ಅಮ್ಮ ಒಂದು ಸಂಜೆ ಅದಕ್ಕೆ ಮೆಣಸಿನಕಾಯಿ ನಿವಾಳಿಸಿಯೂ ಬಿಟ್ಟರು.

ಒಂದು ಭಾನುವಾರ ಮಧ್ಯಾಹ್ನ ಕೆ.ಆರ್. ಪುರದಿಂದ ಗಂಡಿನ ಕಡೆಯವರು ಸುಮಾಳನ್ನು ನೋಡಲು ಬಂದರು. ಅದುವರೆಗೆ ಬಂದ ಹುಡುಗರನ್ನೆಲ್ಲ ಅವಳು ಬೇಡವೆಂದಿದ್ದಳು. ಇದೂ ತಪ್ಪಿದರೆ ಇನ್ನು ಗಂಡು ಹುಡುಕುವುದಿಲ್ಲ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಹುಡುಗ ಮಂಜುನಾಥ ಕಂಪ್ಯೂಟರ್ ಎಂಜಿನಿಯರ್. ಕೇಸರಿಬಾತ್ ಮುಗಿದು ಎಲ್ಲರೂ ಮಾತಿಗೆ ತಡಕಾಡುತ್ತಿದ್ದಾಗ, ಒಳಗಿನ ಕೋಣೆಯಿಂದ ಲ್ಯಾಪ್‌ಟಾಪ್ ತನ್ನ ರಾಗ ಹಾಡಿತು. "ಒಳಗೆ ಇನ್ಯಾರಿದಾರೆ?" ಎಂದರು ಹುಡುಗನ ತಾಯಿ, ಅನುಮಾನದಿಂದ. ನಾನು ಸಂಗತಿ ಹೇಳಿದೆ. ಅವನ ತಂದೆ ಮೀಸೆ ನೀವಿ, "ನಮ್ ಮಂಜ ನೋಡ್ತಾನೆ ಬಿಡಿ, ಅವನ ಕೆಲ್ಸಾನೇ ಅದು," ಎಂದರು.

ನಾನೂ ಸುಮಾಳೂ ಅವನನ್ನು ಕೋಣೆಗೆ ಕರೆದೊಯ್ದೆವು. ಅವನು ಸೆಟ್ಟಿಂಗ್ಸ್ ತೆರೆದ. ಮೌಸ್ ಅಲುಗಿದರೆ ಏಳುವುದು, ನೆಟ್‌ವರ್ಕ್ ಕರೆದರೆ ಏಳುವುದು, ಹೊತ್ತು ನೋಡಿ ಏಳುವುದು, ಎಲ್ಲವನ್ನೂ ಆಫ್ ಮಾಡಿ ಮುಚ್ಚಿದ. ಅದು ಎದ್ದಿತು. ಇನ್ನೊಮ್ಮೆ ಮುಚ್ಚಿದ. ಮತ್ತೆ ಎದ್ದಿತು. ಹೊರಗಿನಿಂದ ಅವನ ತಂದೆ, "ಆಯ್ತೇನೋ?" ಎಂದು ಕೂಗಿದರು. ಹುಡುಗನ ಇಸ್ತ್ರಿ ಅಂಗಿ ಬೆವರಿನಲ್ಲಿ ನೆಂದು ಬೆನ್ನಿಗೆ ಅಂಟಿತ್ತು. ಸುಮಾ ಸೆರಗು ಬಾಯಿಗೊತ್ತಿ ನಗು ತಡೆಯುತ್ತಿದ್ದಳು.

ಕೊನೆಗೆ ಅವನು ಚಾರ್ಜರ್ ಕಿತ್ತ. ಅಡಿಮೇಲು ಮಾಡಿ ಬ್ಯಾಟರಿಯನ್ನೂ ಹೊರಗೆಳೆದು ಕೈಯಲ್ಲಿ ಹಿಡಿದ. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಿಟ್ಟು, "ಇನ್ನು ಹೆಂಗೆ ಏಳುತ್ತೆ ನೋಡೋಣ," ಎಂದ.

ಎದ್ದಿತು. ಫ್ಯಾನು ತಿರುಗಿತು, ಪರದೆ ಬೆಳಗಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟು ಹೊತ್ತು ಅದು ಹಾಗೇ ಉರಿದು, ಆಮೇಲೆ ಆರಿತು.

"ಏನ್ರೀ ಇದು?" ಎಂದಳು ಸುಮಾ, ಮೆಲ್ಲಗೆ.

"ಗೊತ್ತಿಲ್ಲ ರೀ," ಎಂದ ಅವನು. "ನಿಜವಾಗ್ಲೂ ಗೊತ್ತಿಲ್ಲ. ಒಂಚೂರು ನೀರು ಕೊಡ್ತೀರಾ?"

ಆ ಸಂಜೆ ಸುಮಾ ಒಪ್ಪಿಗೆ ಹೇಳಿದಳು. ಅಪ್ಪ ನಂಬಲಾರದೆ ಮತ್ತೆ ಕೇಳಿ ಖಚಿತ ಮಾಡಿಕೊಂಡರು. "ಬಂದೋರೆಲ್ಲ ಎಲ್ಲ ಗೊತ್ತಿರೋ ಥರಾನೇ ಮಾತಾಡಿದ್ರಣ್ಣ. ಇವ್ರು ಗೊತ್ತಿಲ್ಲ ಅಂದ್ರು, ನೀರು ಕೇಳಿದ್ರು," ಎಂದು ನನಗೆ ಮಾತ್ರ ಹೇಳಿದಳು.

ಲ್ಯಾಪ್‌ಟಾಪ್ ಆಮೇಲೆ ಮಲಗಿಸಿದರೆ ಮಲಗಿತು, ಎಬ್ಬಿಸಿದರೆ ಎದ್ದಿತು. ಪರಿಚಯದ ಎಲೆಕ್ಟ್ರಾನಿಕ್ಸ್ ಮೇಷ್ಟರೊಬ್ಬರನ್ನು ಕೇಳಿದೆ. ಒಳಗೆ ಉಳಿದ ಚೂರುಪಾರು ಕರೆಂಟಿಗೆ ಒಂದು ದೀಪ ಮಿನುಗಬಹುದು, ಫ್ಯಾನು, ಪರದೆ ಎಲ್ಲ ನಡೆಯದು ಎಂದರು. "ಸರಿಯಾಗಿ ನೋಡಿದ್ರಾ?" ಎಂದು ನನ್ನನ್ನೇ ಕೇಳಿದರು.

ನೋಡಿದ್ದೆ. ಕಾರಣ ಮಾತ್ರ ಇಂದಿಗೂ ಹೊಳೆದಿಲ್ಲ. ಈ ವಿಷಯ ಎತ್ತಿದರೆ ಮಂಜುನಾಥ ಮಾತು ಬದಲಿಸುತ್ತಾನೆ. ಒಮ್ಮೆ, ನಾವಿಬ್ಬರೇ ಇದ್ದಾಗ, ತಾನಾಗಿ ಹೇಳಿದ: "ಅದು ಎದ್ದಾಗ ನನ್ ಕೈಲಿದ್ದ ಬ್ಯಾಟರಿ ನಡುಗ್ತಿತ್ತು ಭಾವ. ನಡುಗಿದ್ದು ಅದೋ ನಾನೋ, ಇವತ್ತಿಗೂ ಹೇಳೋಕಾಗಲ್ಲ."