ರಾಜಮ್ಮನವರು ತಂತಿ ಕಿತ್ತಿರಲಿಲ್ಲ

ಹಾಲಿನ ಯಂತ್ರವನ್ನು ಕೆಡಿಸಿದವನು ನಾನು, ರಾಜಮ್ಮನವರೇ. ನೀವಲ್ಲ. ನಿಮ್ಮ ಮೇಲೆ ಅಪವಾದ ಬಂದ ದಿನವೇ ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಐದು ವರ್ಷವಾಯಿತು.

ನನ್ನ ಕೆಲಸ ಏನೆಂದು ನಿಮಗೆ ಆಗ ಸರಿಯಾಗಿ ಹೇಳಿರಲಿಲ್ಲ. ಕಳಲೆಯಿಂದ ದಿನಾ ನಂಜನಗೂಡಿಗೆ ಬಂದು, ಒಂದು ಸಣ್ಣ ಕಂಪನಿಯ ಕೋಣೆಯಲ್ಲಿ ಕೂತು, ಸುತ್ತಲಿನ ಹಳ್ಳಿಗಳ ಡೈರಿ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ಮೂಗೂರಿನ ಆಚೆಗಿರುವ ನಿಮ್ಮ ಹಳ್ಳಿಯಲ್ಲಿ ನೀವು ಹಾಲಿನ ಫ್ಯಾಟ್ ನೋಡಿದರೆ, ಅದು ಇಂಟರ್ನೆಟ್ಟಿನಲ್ಲಿ ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಫ್ಯಾಟಿಗೆ ತಕ್ಕ ದರದ ಚೀಟಿ ಪ್ರಿಂಟಾಗುತ್ತಿತ್ತು. ಕ್ಲೌಡು ಕಂಡಕಂಡವರನ್ನು ಒಳಗೆ ಬಿಡುವುದಿಲ್ಲ. ಪ್ರತಿ ಯಂತ್ರಕ್ಕೂ, ಅಲ್ಲಿ ಹಾಲು ಪರೀಕ್ಷಿಸುವ ಟೆಸ್ಟರ ಹೆಸರಿನಲ್ಲಿ, ಒಂದು ಸರ್ಟಿಫಿಕೇಟು ಇರಬೇಕು, ನಮಗೆಲ್ಲ ಗುರುತಿನ ಚೀಟಿ ಇದ್ದ ಹಾಗೆ. ಅದನ್ನು ಕೊಡುವುದು, ಹೊಸದು ಮಾಡುವುದು, ಬೇಡವಾದಾಗ ರದ್ದು ಮಾಡುವುದು — ಇಷ್ಟನ್ನೂ ನಾನು ಜಾವಾಸ್ಕ್ರಿಪ್ಟಿನಲ್ಲಿ ಬರೆದಿದ್ದ ಪ್ರೋಗ್ರಾಮು ಮಾಡುತ್ತಿತ್ತು. ಅದಕ್ಕೆ ಬೇಕಾದ ಸಿದ್ಧ ಕೋಡಿನ ಲೈಬ್ರರಿಯನ್ನು ಕ್ಲೌಡಿನವರೇ ಕೊಟ್ಟಿದ್ದರು. ಒಂದು ಸರ್ಟಿಫಿಕೇಟು ಸಾಯಿಸಲು ಒಂದು ಸಾಲು ಸಾಕು. ಅಷ್ಟು ಸುಲಭವಾಗಿರಬಾರದಿತ್ತು.

ನಾನು ಹುಟ್ಟಾ ಅನುಮಾನದವನು. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವವನು. ಕೆಲಸ ಬಿಟ್ಟವರ ಹೆಸರಿನ ಸರ್ಟಿಫಿಕೇಟುಗಳು ಹಾಗೇ ಉಳಿದಿದ್ದರೆ ಯಾರಾದರೂ ಕದ್ದು ಬಳಸಿಯಾರು ಎಂಬ ಗುಮಾನಿ ಹತ್ತಿತು. ಈಗಿನ ಟೆಸ್ಟರುಗಳ ಪಟ್ಟಿಯಲ್ಲಿ ಇಲ್ಲದ ಹೆಸರುಗಳನ್ನೆಲ್ಲ ರದ್ದು ಮಾಡು ಎಂದು ಪ್ರೋಗ್ರಾಮಿಗೆ ಹೇಳಿಬಿಟ್ಟೆ. ನಿಮ್ಮ ಯಂತ್ರದ ಸರ್ಟಿಫಿಕೇಟು ಸಿದ್ದಯ್ಯನವರ ಹೆಸರಿನಲ್ಲಿತ್ತು — ನಿಮಗಿಂತ ಮೊದಲು ಅಲ್ಲಿ ಟೆಸ್ಟರಾಗಿದ್ದವರು, ತೀರಿಕೊಂಡು ವರ್ಷದ ಮೇಲಾಗಿತ್ತು. ಆದರೆ ನಮ್ಮ ಕಡೆ ಯಾರು ಬರಲಿ ಯಾರು ಹೋಗಲಿ, ಡೈರಿಗೆ ಮೊದಲು ಕೂತವರ ಹೆಸರೇ ಗಟ್ಟಿ. ಊರಿನ ಬಾಯಲ್ಲಿ ಅದು ಇವತ್ತಿಗೂ ಸಿದ್ದಯ್ಯನ ಡೈರಿ. ಯಂತ್ರಕ್ಕೂ ಆ ಹೆಸರೇ ಇರಲಿ ಎಂದು ಇಟ್ಟವನು ನಾನು. ಮರೆತವನೂ ನಾನೇ.

ಮಾರನೆಯ ಬೆಳಿಗ್ಗೆ ನಿಮ್ಮ ಯಂತ್ರ ಚೀಟಿ ಕೊಡಲಿಲ್ಲ. ಹಾಲು ತಂದವರನ್ನು ವಾಪಸು ಕಳಿಸಲಾಗದೆ ನೀವು ಕೈಯಲ್ಲೇ ಫ್ಯಾಟ್ ಬರೆದುಕೊಂಡಿರಿ. ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ನಿಮ್ಮ ಹಾಲಿನ ಸಂಘದಿಂದ ಫೋನು ಬಂದಾಗ — ಇದನ್ನೂ ಮುಚ್ಚಿಡುವುದಿಲ್ಲ — ನನ್ನ ಮೊದಲ ಅನುಮಾನವೂ ನಿಮ್ಮ ಮೇಲೆಯೇ. ದೊಡ್ಡ ಬೀದಿಯವರ ಹಾಲನ್ನು ಕೇರಿಯ ಹೆಂಗಸು ಪರೀಕ್ಷೆ ಮಾಡುವುದು ಅಲ್ಲಿ ಎಷ್ಟೋ ಜನಕ್ಕೆ ಹಿಡಿಸಿರಲಿಲ್ಲ. ನಾನೂ ಅಂಥ ಬೀದಿಯಲ್ಲೇ ಬೆಳೆದವನು.

ಮೂರನೆಯ ದಿನ ನಾನು ಬಂದಾಗ ಸಂಘದವರೆಲ್ಲ ಡೈರಿಯಲ್ಲಿ ಸೇರಿದ್ದರು. ಅಧ್ಯಕ್ಷ ಶಿವಣ್ಣ ನಿಮ್ಮೆದುರೇ ಹೇಳಿದರು: "ತಂತಿ ಕಿತ್ತಾಕವ್ಳೆ ಕಣ್ರೀ. ಕೈಯಲ್ ಬರುದ್ರೆ ತಮ್ಮೋರ್ಗೆ ಜಾಸ್ತಿ ಫ್ಯಾಟ್ ಬರ್ಕೋಬೋದಲ್ಲ!"

ನೀವು ನನ್ನ ಹತ್ತಿರ ಬಂದಿರಿ. "ನಾನೇನೂ ಮುಟ್ಟಿಲ್ಲ ಸಾ. ನೀವೇ ನೋಡಿ ಇವ್ರ್ಗೆ ಏಳಿ. ನೀವೇಳುದ್ರೆ ನಂಬ್ತಾರೆ."

ಲ್ಯಾಪ್‌ಟಾಪು ತೆರೆದೆ. ಎರಡು ನಿಮಿಷ ಹಿಡಿಯಲಿಲ್ಲ. ಸರ್ಟಿಫಿಕೇಟು ರದ್ದಾಗಿದೆ ಎಂದಿತ್ತು, ರದ್ದು ಮಾಡಿದವರು ಯಾರು ಎಂಬಲ್ಲಿ ನನ್ನ ಹೆಸರಿತ್ತು. ಹಿಂದೆ ನಿಂತವರು ಯಾರಾದರೂ ಓದಿದರೇ ಎಂದು ಪರದೆಯನ್ನು ಅರ್ಧ ಮಡಚಿದೆ.

"ಏನಂತೆ ಸಾ, ನಿಮ್ ಕಡೆ ಏನಾರ ತೊಂದ್ರೆಯಾ?" ಎಂದರು ಶಿವಣ್ಣ.

"ನಮ್ಮ ಕಡೆ ಎಲ್ಲಾ ಸರಿಯಾಗಿದೆ," ಎಂದೆ.

ಅಷ್ಟೇ ನಾನು ಆಡಿದ ಮಾತು. ಕೆಲಸ ಹೋಗುತ್ತದೆ ಎಂಬ ಭಯವಿತ್ತು — ನನ್ನದು ಹೋಗಬಾರದೆಂದು ನಿಮ್ಮದು ಹೋಯಿತು. ನೀವು ಸೆರಗಿನ ಗಂಟು ಬಿಚ್ಚಿ ಡೈರಿಯ ಕೀಲಿಕೈ ಮೇಜಿನ ಮೇಲಿಟ್ಟು ಹೊರಟಿರಿ. ನೀವು ಬೀದಿ ದಾಟುವುದನ್ನು ನೋಡಿಕೊಂಡು ನಾನು ಹೊಸ ಸರ್ಟಿಫಿಕೇಟು ಮಾಡಿ ಯಂತ್ರಕ್ಕೆ ಹಾಕಿದೆ. ತಕ್ಷಣ ಚೀಟಿ ಬಂತು.

"ನೋಡುದ್ರಾ! ಆವಮ್ಮ ಎದ್ದೋದ್ಳು, ಮಿಷನ್ನು ಸರ್ಯಾಯ್ತು," ಎಂದು ಯಾರೋ ನಕ್ಕರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದಾದರೂ ನಾನು ಅನ್ನಬಹುದಿತ್ತು. ಅವರು ಕೊಟ್ಟ ಕಾಫಿ ಕುಡಿದೆ.

ಆಮೇಲೆ ನನಗೆ ಯಾರನ್ನೂ ನಂಬಲಾಗಲಿಲ್ಲ. ಆಫೀಸಿನಲ್ಲಿ ಇಬ್ಬರು ಪಿಸುಗುಟ್ಟಿದರೆ ಅದೇ ವಿಷಯ ಅನ್ನಿಸುತ್ತಿತ್ತು. ನಿಮ್ಮ ಹಳ್ಳಿಯಿಂದ ಫೋನು ಬಂದರೆ ಪಕ್ಕದವರ ಕೈಗೆ ಕೊಟ್ಟುಬಿಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನನ್ನದು ಅದೇ ಪಾಡು.

ಹೋದ ತಿಂಗಳು ನರಸೀಪುರದಿಂದ ಬರುವ ಬಸ್ಸಿನಲ್ಲಿ ನನ್ನನ್ನು ಗುರುತು ಹಿಡಿದವರು ನೀವೇ. ಗಾರ್ಮೆಂಟ್ಸಿಗೆ ಹೋಗುತ್ತಿದ್ದೀರಿ, ದಿನವೆಲ್ಲ ನಿಂತು ಕಾಲು ಊದಿದೆ ಎಂದಿರಿ. ಮಗಳನ್ನು ನೋಡಲು ಬಂದವರು ಊರಿನಲ್ಲಿ ಹಾಲಿನ ಸುದ್ದಿ ಕೇಳಿ ಹಾಗೇ ತಿರುಗಿ ಹೋದರೆಂದೂ ಹೇಳಿದಿರಿ. ಆಮೇಲೆ ಅಂದಿರಿ: "ಏನೇ ಅನ್ನಿ ಸಾ, ಅವತ್ತು ಅಷ್ಟ್ ದೂರ್ದಿಂದ ಬಂದು ನೋಡುದ್ದು ನೀವೊಬ್ರೇಯ. ಮಿಕ್ಕೋರು ನೋಡ್ದೇನೇ ಅಂದ್ಬುಟ್ರು."

ನಿಮಗೆ ಗೊತ್ತಾಗಿದೆಯೇ, ಕೆಣಕುತ್ತಿದ್ದೀರೇ ಎಂದು ನಿಮ್ಮ ಮುಖವನ್ನೇ ಹುಡುಕಿದೆ. ಅಂಥದ್ದೇನೂ ಇರಲಿಲ್ಲ. ನಿಜವಾಗಿಯೂ ನನ್ನ ಉಪಕಾರ ನೆನೆಯುತ್ತಿದ್ದಿರಿ. ಆಗಲಾದರೂ ಹೇಳಬಹುದಿತ್ತು — ನನ್ನ ಸ್ಟಾಪು ಬರುವ ಮೊದಲೇ ಇಳಿದುಬಿಟ್ಟೆ.

ಆ ದಿನದ ದಾಖಲೆ ಇನ್ನೂ ನನ್ನ ಬಳಿ ಇದೆ, ನನ್ನ ಹೆಸರಿನ ಸಮೇತ. ಅದರ ಪ್ರತಿಯನ್ನು ಕಂಪನಿಗೆ ಕೊಟ್ಟು ತಪ್ಪೊಪ್ಪಿಗೆ ಬರೆದಿದ್ದೇನೆ. ಇನ್ನೊಂದು ಪ್ರತಿ ಈ ಕಾಗದದ ಜೊತೆಗಿದೆ. ಮಗಳ ಕೈಲಿ ಓದಿಸಿ. ಮನಸ್ಸು ಹಗುರವಾಗಲೆಂದು ಬರೆಯುತ್ತಿದ್ದೇನೋ ಎಂಬ ಅನುಮಾನ ನನ್ನ ಮೇಲೆ ನನಗೇ ಇದೆ, ಅದಕ್ಕೇ ಕ್ಷಮೆ ಕೇಳುವುದಿಲ್ಲ.

ಬರುವ ಸೋಮವಾರ ನಿಮ್ಮ ಸಂಘದ ಸಭೆಯಿದೆ. ಶಿವಣ್ಣನವರೂ ಇರುತ್ತಾರೆ, ಅವತ್ತು ನಕ್ಕವರೂ ಇರುತ್ತಾರೆ. ಅಲ್ಲಿ ಇದನ್ನು ಓದುತ್ತೇನೆ. ನೀವು ಬರಬೇಕಾಗಿಲ್ಲ, ರಾಜಮ್ಮನವರೇ. ಆ ಜನರ ಮುಂದೆ ನೀವು ಒಮ್ಮೆ ನಿಂತದ್ದೇ ಸಾಕು. ಅದು ನಾನು ನಿಲ್ಲಬೇಕಿದ್ದ ಜಾಗ.