ಊದದೆ ಉಳಿದ ಉದ್ದ ಸೀಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಡೆಯೇ ಇಲ್ಲದ ಬಯಲಿನ ಮುಂದೆ ಒಂದು ಹಳೆಯ ಗೇಟು ನಿಂತಿದೆ. ಆಚೀಚೆ ಎಲ್ಲಿಂದ ಬೇಕಾದರೂ ಒಳಗೆ ನುಗ್ಗಬಹುದು, ಆದರೂ ಗೇಟಿಗೆ ಬೀಗ. ಅದನ್ನು ತೆಗೆಯುವ ಮೊದಲು, ಕೊರಳಲ್ಲಿ ಸೀಟಿ ಕಟ್ಟಿಕೊಂಡ ಸೀಟಿಯಮ್ಮ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮುಂದೆ ಚಾಚುತ್ತಾರೆ.

"ಜೇಬು ಖಾಲಿ ಮಾಡಿ. ಬೆಂಕಿ, ಕಬ್ಬಿಣ ಎರಡೂ ಒಳಗೆ ಹೋಗಂಗಿಲ್ಲ."

ಲೈಟರು, ಮನೆಯ ಕೀಲಿ ಹಾಕುತ್ತೇನೆ.

"ಇನ್ನೊಂದು ಜೇಬು?"

"ಅದರಲ್ಲಿ ಏನಿಲ್ಲಮ್ಮ."

"ಏನಿಲ್ಲ ಅಂದೋರ ಜೇಬಲ್ಲೇ ಎಲ್ಲಾ ಇರ್ತದೆ ಅಂತ ನಮ್ಮಪ್ಪ ಹೇಳೋರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಮರೆತೇ ಹೋಗಿದ್ದ ಪುಟ್ಟ ಚಾಕು ಸಿಗುತ್ತದೆ. ಸೀಟಿಯಮ್ಮ ಅದನ್ನು ಡಬ್ಬಿಗೆ ಹಾಕಿಕೊಂಡು, ನನ್ನ ಮುಖವನ್ನೇ ಇನ್ನಷ್ಟು ಹೊತ್ತು ನೋಡುತ್ತಾರೆ. "ನಿಮ್ಮನ್ನ ಕಳಿಸಿದ್ದು ಯಾರು? ಅಂಗಡಿ ಕಟ್ಟಿಸೋ ಮೇಸ್ತ್ರಿನಾ?" ಅಲ್ಲ, ಪತ್ರಿಕೆಗೆ ಬರೆಯುವವನು ಅಂದರೆ ನಂಬುವ ಜಾಯಮಾನ ಅವರದಲ್ಲ. ನಾನೂ ಅವರನ್ನು ನಂಬಿ ಬಂದಿಲ್ಲ, ಅದು ಬೇರೆ ಮಾತು.

ಈ ಬಯಲಿಗೆ ಜನ ಈಗಲೂ ಮದ್ದಿನಮನೆ ಅನ್ನುತ್ತಾರೆ. ಯುದ್ಧದ ಕಾಲದಲ್ಲಿ ಇಲ್ಲಿ ಮದ್ದುಗುಂಡು ತುಂಬಿದ ಉಗ್ರಾಣಗಳಿದ್ದವು. ಮೇಲಿನಿಂದ ನೋಡಿದರೆ ಬರೀ ದಿಬ್ಬ ಕಾಣಲೆಂದು ಅವಕ್ಕೆ ಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದರು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಸರಕನ್ನೆಲ್ಲ ಸಾಗಿಸಿದೆವು ಎಂದು ಹೇಳಿ, ದಿಬ್ಬಗಳನ್ನು ಒಂದೊಂದಾಗಿ ಸಿಡಿಸಿ ಕೆಡವಿದರು. ಸೀಟಿಯಮ್ಮನ ಅಪ್ಪ ಇಲ್ಲಿ ಗೇಟು ಕಾಯುತ್ತಿದ್ದವರು. ಅವರು ಗಿಡ್ಡ ಸೀಟಿ ಊದಿದರೆ ಎಲ್ಲರೂ ನೆಲಕ್ಕೆ ಬೋರಲು ಬೀಳಬೇಕು. ಸಿಡಿದ ಜಾಗವನ್ನು ಸಾಹೇಬರು ಹೋಗಿ ನೋಡಿ ಕೈ ಎತ್ತಿದ ಮೇಲೆ ಉದ್ದ ಸೀಟಿ. ಅದು ಕೇಳುವ ತನಕ ಯಾರೂ ಏಳುವಂತಿಲ್ಲ.

"ಅಪ್ಪನಿಗೆ ಬುತ್ತಿ ತಂದಿದ್ದೆ, ಇನ್ನೂ ಲಂಗದ ಹುಡುಗಿ," ಎಂದು ಸೀಟಿಯಮ್ಮ ಕುಡುಗೋಲಿಗೆ ಕೈ ಹಾಕುತ್ತಾ ಹೇಳುತ್ತಾರೆ. "ಬೇರೆ ದಿಬ್ಬ ಎಲ್ಲಾ ಗುಡುಗಿದಂಗೆ ಸಿಡಿದ್ವು. ಕೊನೇದು ಕೆಮ್ಮಿದಂಗೆ ಆಯ್ತು. ಸಾಹೇಬರು ಜೀಪಿಂದ ಇಳೀಲೇ ಇಲ್ಲ. ಅಲ್ಲಿಂದ್ಲೇ 'ಮುಗೀತು' ಅಂದು ಹೊರಟರು. ನೋಡದೆ ನಾನು ಹೆಂಗೆ ಊದ್ಲಿ ಅಂತ ನಮ್ಮಪ್ಪ ಉದ್ದ ಸೀಟಿ ಊದ್ಲೇ ಇಲ್ಲ."

ಊದದ ಆ ಸೀಟಿಯನ್ನು ಅಪ್ಪ ಸಾಯುವಾಗ ಮಗಳ ಕೈಗಿಟ್ಟರು. ಮಗಳಿಗೆ ಈಗ ತಲೆ ಪೂರ್ತಿ ನರೆತಿದೆ. ಜಾಗ ನೋಡಿಕೊಳ್ಳುವ ಸರ್ಕಾರಿ ಕಚೇರಿಯ ದಿನಗೂಲಿಯಲ್ಲಿ ಈ ಬಯಲಿನ ಹುಲ್ಲು ಕೊಯ್ಯುತ್ತಾರೆ, ಗೇಟಿನ ಪಕ್ಕದ ಕೋಣೆಯಲ್ಲಿ ಇರುತ್ತಾರೆ, ನಾಲ್ಕು ಆಡು ಸಾಕಿದ್ದಾರೆ. ಕುಡುಗೋಲೂ ಕಬ್ಬಿಣವೇ ಅಲ್ಲವೇ ಎಂದು ಕೆಣಕಿದರೆ, "ಅದನ್ನ ಎಲ್ಲಿ ಬೀಸಬೇಕು ಅಂತ ನನಗೆ ಗೊತ್ತು," ಅನ್ನುತ್ತಾರೆ.

ಇಂದು ಇಲ್ಲಿ ನೆಲ ಅಗೆಯುವ ಯಂತ್ರ ಬರುತ್ತಿದೆ. ಅಂಗಡಿ ಸಾಲಿಗೆ ಪಾಯ ತೋಡಬೇಕು, ಮೊದಲ ಗುಂಡಿ ಆ ಕೊನೆಯ ದಿಬ್ಬವಿದ್ದ ಮೂಲೆಯಲ್ಲೇ. ಯಂತ್ರ ಓಡಿಸುವವರು ಬೇರೆ ಯಾರೂ ಅಲ್ಲ, ಸೀಟಿಯಮ್ಮನ ಒಬ್ಬಳೇ ಮಗಳ ಗಂಡ. ನಿನ್ನೆ ಆ ಮಗಳನ್ನೂ ಮಾತಾಡಿಸಿದ್ದೆ. "ಊರವರು ಏನಾದ್ರೂ ಅಂದ್ಕೊಳ್ಳಲಿ. ಹೆತ್ತ ತಾಯಿನೇ ನನ್ನ ಗಂಡನ ಅನ್ನಕ್ಕೆ ಕಲ್ಲು ಹಾಕ್ತಾಳಲ್ಲ, ಅದು ತಡ್ಕೊಳ್ಳೋಕಾಗಲ್ಲ," ಎಂದು ಕಣ್ಣೊರೆಸಿಕೊಂಡಿದ್ದರು.

ಮೇಸ್ತ್ರಿಯ ಲೆಕ್ಕಾಚಾರವೇ ಬೇರೆ. "ಆಡಿಗೆ ಪುಕ್ಕಟೆ ಹುಲ್ಲು, ತನಗೆ ಪುಕ್ಕಟೆ ಕೋಣೆ. ಅದಕ್ಕೇ ನೆಲದಡಿ ಇನ್ನೂ ಮದ್ದು ಇದೆ ಅನ್ನೋ ಈ ಕಥೆ. ಮದ್ದುಗುಂಡಿನ ಹಳೇ ಹಿತ್ತಾಳೆ ಬೇರೆ ಹೂತಿಟ್ಟಿದ್ದಾಳಂತೆ." ನಿಜ ಹೇಳಬೇಕೆಂದರೆ ಈ ಮಾತು ನನ್ನ ತಲೆಯಲ್ಲೂ ಕೂತಿತ್ತು. ನೆಲ ಪೂರ್ತಿ ಸುರಕ್ಷಿತ ಎಂದು ಹೇಳಿದ್ದು ಯಾರು ಅಂತ ಕೇಳಿದರೆ ಮೇಸ್ತ್ರಿ, "ಆಗ ಇಲ್ಲಿದ್ದೋರು" ಅಂದರು. ಆಗ ಇಲ್ಲಿದ್ದವರಲ್ಲಿ ಇಂದು ಉಳಿದಿರುವವರು ಈ ಹೆಂಗಸೊಬ್ಬರೇ.

ಹುಲ್ಲಿನ ಹೊರೆ ಕಟ್ಟುವ ಸೀಟಿಯಮ್ಮನ ಹಿಂದೆ ಹಿಂದೆಯೇ ನಡೆಯುತ್ತೇನೆ. ಅವರು ಕೊಯ್ದ ಬಯಲೆಲ್ಲ ಬೋಳು, ಉಳಿದದ್ದನ್ನು ಆಡುಗಳು ಬೇರಿನ ತನಕ ಕಿತ್ತು ಮೇಯ್ದಿವೆ. ಕೊನೆಯ ಮೂಲೆಯಲ್ಲಿ ಮಾತ್ರ ಸೊಂಟದೆತ್ತರದ ಹಸಿರು ಹುಲ್ಲು. ಒಂದು ಎಸಳೂ ಕೊಯ್ದಿಲ್ಲ. ಆಡುಗಳ ಹಗ್ಗ ಅಲ್ಲಿಗೆ ಎಟುಕದ ಹಾಗೆ ಗೂಟ ಹೊಡೆದಿದ್ದಾರೆ. ಹುಲ್ಲಿನ ಆಸೆಗೆ ಕಥೆ ಕಟ್ಟುವವರು ಒಳ್ಳೆಯ ಹುಲ್ಲನ್ನೇ ಬಿಡುತ್ತಾರೆಯೇ? ಹಿತ್ತಾಳೆ ಹೂತವರು ಒಮ್ಮೆಯಾದರೂ ಅಲ್ಲಿಗೆ ಕಾಲಿಟ್ಟ ಗುರುತು ಬೇಡವೇ? ನನ್ನ ಅನುಮಾನ ಮೇಸ್ತ್ರಿಯ ಕಡೆಗೆ ತಿರುಗುತ್ತದೆ.

ಅಷ್ಟರಲ್ಲಿ ಯಂತ್ರ ಗೇಟಿನ ಮುಂದೆ ಬಂದು ಗುರುಗುಡುತ್ತದೆ. ಸೀಟಿಯಮ್ಮ ಡಬ್ಬಿ ಹಿಡಿದು ಗೇಟಿಗೆ ಮರಳುತ್ತಾರೆ, ಅಳಿಯ ಯಂತ್ರ ನಿಲ್ಲಿಸಿ ಇಳಿದು ಬರುತ್ತಾರೆ. ಚಿಕ್ಕವರಿದ್ದಾಗಿನಿಂದ ಈ ಗೇಟು ದಾಟಿದವರು, ಅಭ್ಯಾಸ ಬಲ, ಮಾತಿಲ್ಲದೆ ಬೆಂಕಿಪೊಟ್ಟಣವನ್ನೂ ಕೀಲಿಯನ್ನೂ ಡಬ್ಬಿಗೆ ಹಾಕುತ್ತಾರೆ. ಹಾಕಿದ ಮೇಲೆ ಹೊಳೆಯುತ್ತದೆ.

"ಅತ್ತೆ, ಅದು ಯಂತ್ರದ ಕೀಲಿ."

"ಕಬ್ಬಿಣ ತಾನೇ?"

"ಇಡೀ ಯಂತ್ರನೇ ಕಬ್ಬಿಣ ಅಲ್ವಾ ಅತ್ತೆ?"

"ಹಂಗಾದ್ರೆ ಅದೂ ಹೊರಗೇ ಇರ್ಲಿ," ಎಂದು ಡಬ್ಬಿ ಮುಚ್ಚಿ, ಅದರ ಮೇಲೆಯೇ ಕೂತುಬಿಡುತ್ತಾರೆ.

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ಇದು ಎಂದು ಯಂತ್ರದ ಹಿಂದೆಯೇ ಬಂದ ಮೇಸ್ತ್ರಿ ಕೂಗಾಡುತ್ತಾರೆ. ಕೊನೆಗೆ ಫೋನು ತೆಗೆದು ಬಾಂಬು ಪತ್ತೆಯವರನ್ನೇ ಕಳಿಸಿ ಎಂದು ಕಚೇರಿಗೆ ಹೇಳುತ್ತಾರೆ. "ಬರ್ಲಿ, ಮೂಲೇಲಿ ಏನು ಬಚ್ಚಿಟ್ಟಿದ್ದಾಳೆ ಅಂತ ಬಂಡವಾಳ ಬಯಲಾಗ್ಲಿ!" ಸೀಟಿಯಮ್ಮ ಇಷ್ಟು ವರ್ಷ ಕೈಮುಗಿದು ಕೇಳಿದರೂ ಬಾರದ ತಂಡ, ಒಬ್ಬರ ಅನುಮಾನದಿಂದ ಹೊರಟು ಬರುತ್ತಿದೆ.

ಅಳಿಯ ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಸೀಟಿಯಮ್ಮ ಕೊರಳ ದಾರದಲ್ಲಿದ್ದ ಸೀಟಿಯನ್ನು ಸೆರಗಿನಿಂದ ಒರೆಸುತ್ತಿದ್ದಾರೆ. ಬಂದವರು ನೋಡಿ ಕೈ ಎತ್ತಿದರೆ ಅದನ್ನು ಉದ್ದಕ್ಕೆ ಊದಬೇಕು, ಅವರಿಗಿರುವ ಆಸೆ ಅಷ್ಟೇ.

"ಅಲ್ಲೇನೂ ಸಿಗ್ಲಿಲ್ಲ ಅಂದ್ರೆ ಊರೆಲ್ಲ ನಗುತ್ತೆ ಅತ್ತೆ," ಅನ್ನುತ್ತಾರೆ ಅಳಿಯ ಮೆಲ್ಲಗೆ.

"ನಗ್ಲಿ ಬಿಡಿ. ನಗೋಕೆ ನೀವೆಲ್ಲ ಇರ್ತೀರಲ್ಲ."